ಇರುವೆ ಮುತ್ತಿದ ತಟ್ಟೆ

ಹೈದರಾಬಾದ್
೨೦ ಫೆಬ್ರುವರಿ ೧೯೮೩

ಮಾವನವರಿಗೆ ಕಳಕಮ್ಮ ಮಾಡುವ ನಮಸ್ಕಾರಗಳು.

ನೀವು ಅವ್ವನ ಕೈಯಲ್ಲಿ ಕೊಟ್ಟು ಕಳಿಸಿದ ಶೇಂಗಾ ಬೀಜ ಸಾಯತೊಡಗಿದೆ. ಇದನ್ನು ಹೇಳಿದ್ದು ನಮ್ಮ ಪ್ರಯೋಗಾಲಯದ ಪರೀಕ್ಷೆ. ಮೊದಲು ನಾನು ಮಾಡಿದೆ. ಆಮೇಲೆ ನಮ್ಮ ಗೈಡ್ ಮೇಡಂ ಅದೇ ಚೀಲದಿಂದ ಬೇರೆ ಕಾಳು ತೆಗೆದು ತಾವೇ ಮಾಡಿ ನೋಡಿದರು. ಎರಡು ಸಲವೂ ಉತ್ತರ ಒಂದೇ ಬಂತು.

ಪತ್ರ ಹೀಗೆ ಶುರುವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಮಧ್ಯಾಹ್ನದ ಬಸ್ಸಿಗೆ ಬರುವ ಪೇಪರ್ ಓದಿಸುತ್ತಿದ್ದವರು ನೀವು. ಸುದ್ದಿ ಮೊದಲು, ಹೇಳಿದವರು ಯಾರು ಎಂಬುದು ಆಮೇಲೆ, ಮುಂದೇನು ಎಂಬುದು ಕಡೆಗೆ ಎಂದು ಕಲಿಸಿದ್ದೂ ನೀವೇ. ನಾಲ್ಕು ವರ್ಷದ ಮೇಲೆ ನಿಮಗೆ ಬರೆಯುವ ಮೊದಲ ಪತ್ರ. ಬೇರೆ ಯಾವ ರೀತಿ ಬರೆಯಬೇಕೆಂದು ತಿಳಿಯಲಿಲ್ಲ.

ನಮ್ಮ ಕಡೆಯ ಬಿತ್ತನೆ ಶೇಂಗಾ ಬೇಕೆಂದು ನಾನು ಕುಷ್ಟಗಿಗೆ, ಅವ್ವನಿಗೆ ಬರೆದಿದ್ದೆ. ಅವ್ವ ಬೇವೂರಿಗೆ ಬಂದು ತಮ್ಮನಾದ ನಿಮ್ಮಿಂದ ತಂದಿದ್ದಾಳೆ ಎಂದು ಚೀಲದ ಮೇಲಿನ ನಿಮ್ಮ ಅಕ್ಷರ ನೋಡಿದ ಮೇಲೆ ಗೊತ್ತಾಯಿತು. ನನ್ನ ಕೆಲಸ ಇಷ್ಟು: ಕೊಬ್ಬು ಗಾಳಿಗೆ ಕೆಟ್ಟಾಗ ಜೀವಕೋಶ ಹೇಗೆ ಸಾಯುತ್ತದೆ ಎಂದು ನೋಡುವುದು. ಕಾಳು ಅರೆದು, ಒಂದು ಔಷಧ ಹಾಕಿ ಕುದಿಸಿದರೆ ನೀರು ಗುಲಾಬಿಗೆ ತಿರುಗುತ್ತದೆ. ಕೊಬ್ಬು ಕೆಟ್ಟಷ್ಟೂ ಬಣ್ಣ ಗಾಢ. ಹೊಸ ಬೀಜದಲ್ಲಿ ಬಣ್ಣ ಕಾಣದಷ್ಟು ತಿಳಿ. ನಿಮ್ಮದು ದಾಸವಾಳ ಹಿಂಡಿದ ಹಾಗೆ ಬಂತು.

ಈ ಬೀಜವನ್ನು ಯಾವಾಗ ಸುಲಿಸಿದಿರಿ, ಹೇಗೆ ಸುಲಿಸಿದಿರಿ, ಎಲ್ಲಿ ಇಟ್ಟಿದ್ದೀರಿ? ತಿಳಿಸಿ. ನಿಮ್ಮ ಬೀಜವನ್ನು ಊರಲ್ಲಿ ಇನ್ನೂ ನಾಲ್ಕು ಮನೆಯವರು ಒಯ್ಯುತ್ತಾರೆಂದು ಅವ್ವ ಹೇಳುತ್ತಿದ್ದಳು. ನಿಮ್ಮ ಉತ್ತರ ನೋಡಿ ನಾನು ಮತ್ತೆ ಬರೆಯುವವರೆಗೆ ಯಾರಿಗೂ ಕೊಡಬೇಡಿ.

ಇಂತಿ ನಮಸ್ಕಾರಗಳು,
ಕಳಕಮ್ಮ


ಬೇವೂರು
೮ ಮಾರ್ಚ್ ೧೯೮೩

ಕುಮಾರಿ ಕಳಕಮ್ಮನಿಗೆ ಅಮರಪ್ಪ ಮಾಡುವ ಆಶೀರ್ವಾದಗಳು.

ಬೀಜ ಮೊಳೆತಿದೆ. ಇದನ್ನು ಹೇಳುತ್ತಿರುವವನು ನಾನು, ನನ್ನ ಕಣ್ಣಿನಿಂದ ನೋಡಿ. ನಿನ್ನ ಪತ್ರ ಬಂದ ದಿನವೇ ಐವತ್ತು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟೆ. ಮೂರು ಬಿಟ್ಟು ಉಳಿದವೆಲ್ಲ ಮೊಳಕೆ ಬಿಟ್ಟಿವೆ. ಗ್ಯಾನಪ್ಪನೂ ನೋಡಿದ. ಅವನ ಹೊಲ ನನ್ನ ಹೊಲಕ್ಕೆ ಹತ್ತಿದ್ದು, ಪ್ರತಿ ವರ್ಷ ನನ್ನ ಬೀಜವನ್ನೇ ಬಿತ್ತುವವನು. "ಹೈದರಾಬಾದಿನ ನೀರಾಗ ಏನರ ಐತಿ, ಬೀಜದಾಗಿಲ್ಲ" ಎಂದು ನಕ್ಕು ಹೋದ.

ಕೇಳಿದ್ದಕ್ಕೆ ಉತ್ತರ. ಸುಲಿಸಿದ್ದು ಸಂಕ್ರಾಂತಿಯ ಹಿಂದಿನ ವಾರ. ಆಮೇಲೆ ಸುಲಿಯುವ ಹೆಣ್ಣುಮಕ್ಕಳು ಊರಲ್ಲಿರುವುದಿಲ್ಲ. ಭತ್ತದ ಸಸಿ ಹಚ್ಚಲು ಗಂಗಾವತಿ ಕಡೆ ಹೋದರೆ, ನಡುವೆ ಒಮ್ಮೆ ಮುಖ ತೋರಿಸಿ, ಮತ್ತೆ ಕೊಯ್ಲಿಗೆ ಹೋಗಿ, ತಿರುಗಿ ಬರುವುದು ಮಳೆ ಮೋಡ ಕಂಡ ಮೇಲೆ. ಆಗ ಊರಿನ ಎಲ್ಲರಿಗೂ ಅವರೇ ಬೇಕು. ಹೋದ ವರ್ಷ ಅವರಿಗಾಗಿ ಕಾದು ಆರಿದ್ರಾ ಮಳೆ ಕಳೆದುಕೊಂಡೆ. ಅದಕ್ಕೇ ಈ ಸಲ ಮೊದಲೇ ಮುಗಿಸಿದೆ. ಕಾಯಿಗೆ ನೀರು ಚಿಮುಕಿಸಿ, ಸಿಪ್ಪೆ ಮೆತ್ತಗಾದ ಮೇಲೆ ಸುಲಿದರು. ಫಕೀರಮ್ಮನ ಗುಂಪು, ಕೈ ಚುರುಕು. ಕೂಲಿಗೆ ಕಾಯಿಯನ್ನೇ ಅಳೆದುಕೊಂಡು ಹೋದರು. ಕಾಳನ್ನು ನೆರಳಲ್ಲಿ ಆರಿಸಿ ಚೀಲ ತುಂಬಿದ್ದೇನೆ.

ಇಟ್ಟಿರುವುದು ಹೊಸ ಕೋಣೆಯಲ್ಲಿ. ಮೇಲೆ ತಗಡು ಹೊದಿಸಿದ್ದು. ನಿನಗೆ ಗೊತ್ತಿರಬೇಕು. ನಮ್ಮಿಬ್ಬರ ಮದುವೆಗೆಂದು ಸಕ್ಕರೆ ಹಂಚಿ ನಿಶ್ಚಯ ಮಾಡಿದ ಮೇಲೆ ಕಟ್ಟಿಸಿದ ಕೋಣೆ. ನೀನು ಹ್ಞೂಂ ಅಂದ ಮಾತಿನ ಮೇಲೆ ಅದರ ಗೋಡೆಗೆ ಸುಣ್ಣ ಹಚ್ಚಿಸಿದ್ದೆ. ಸುಣ್ಣ ಒಣಗುವುದರೊಳಗೆ ನೀನು ಹೈದರಾಬಾದಿನ ಬಸ್ಸು ಹತ್ತಿದೆ. ಈಗ ಮತ್ತೆ ನಿನ್ನ ಮಾತಿನ ಮೇಲೆ ಬಿತ್ತನೆ ಬೀಜವನ್ನು ಬಿಡು ಎನ್ನುತ್ತೀ.

ಮುಂದೇನು: ಮಳೆಯಾದರೆ ಇದೇ ಬೀಜ ಬಿತ್ತುವುದು.

ಇಂತಿ,
ಬೇವೂರು ಅಮರಪ್ಪ


ಹೈದರಾಬಾದ್
೧೯ ಮಾರ್ಚ್ ೧೯೮೩

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಐವತ್ತು ಕಾಳಿನ ಲೆಕ್ಕ ಸರಿಯಾಗಿದೆ. ನನ್ನ ಪರೀಕ್ಷೆಯೂ ಸರಿಯಾಗಿದೆ. ನಿಮ್ಮ ಪತ್ರವನ್ನು ಗೈಡ್ ಮೇಡಂಗೆ ಅನುವಾದ ಮಾಡಿ ಹೇಳಿದೆ, ಸುಣ್ಣದ ಭಾಗ ಬಿಟ್ಟು. ಅವರು ಕುರ್ಚಿಯಿಂದ ಎದ್ದು ನಿಂತರು. ಯಾಕೆಂದು ಬರೆಯುತ್ತೇನೆ.

ಬೀಜದ ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನ ಒಂದು ತೆಳು ಪೊರೆ ಇರುತ್ತದೆ. ಒಳಗಿನ ಸಕ್ಕರೆ, ಉಪ್ಪು ಹೊರಗೆ ಸೋರದಂತೆ ಹಿಡಿದಿಡುವುದು ಆ ಪೊರೆ. ಗಾಳಿಯಲ್ಲಿರುವ ಆಮ್ಲಜನಕ ಪೊರೆಯ ಒಂದು ಕಣವನ್ನು ಕೆಡಿಸುತ್ತದೆ. ಕೆಟ್ಟ ಕಣ ಪಕ್ಕದ ಕಣವನ್ನು ಕೆಡಿಸುತ್ತದೆ. ಒಂದು ಬಣವೆಯ ಕಿಡಿ ಇನ್ನೊಂದು ಬಣವೆಗೆ ಹಾರುವ ಹಾಗೆ. ಸುಲಿಯದ ಕಾಯಿಯೊಳಗಿದ್ದರೆ ಬೀಜಕ್ಕೆ ರಕ್ಷಣೆ ಹೆಚ್ಚು. ಸುಲಿದಾಗ ಕಾಳಿನ ಕೆಂಪು ಸಿಪ್ಪೆಗೂ ಏಟು ಬೀಳುತ್ತದೆ. ನೀರು ಚಿಮುಕಿಸಿದರೆ ಮಲಗಿದ್ದ ಬೀಜ ಅರ್ಧ ಎಚ್ಚರವಾಗುತ್ತದೆ. ತಗಡಿನ ಕೆಳಗಿನ ಬಿಸಿಗೆ ಕಿಡಿ ಬೇಗ ಹಾರುತ್ತದೆ. ನಿಮ್ಮ ಬೀಜಕ್ಕೆ ಮೂರೂ ಆಗಿವೆ.

ಆದರೂ ಬೀಜ ಒಂದು ಮಟ್ಟದವರೆಗೆ ತಡೆದುಕೊಂಡು ಮೊಳೆಯುತ್ತದೆ. ಮಟ್ಟ ದಾಟಿದ ಮೇಲೆ ಮೊಳೆಯುವುದಿಲ್ಲ. ನಿಮ್ಮದು ಇವತ್ತು ಆ ಮಟ್ಟದ ಈಚೆ ಇದೆ. ಬಿತ್ತನೆಯ ಹೊತ್ತಿಗೆ ಆಚೆ ಹೋಗಿರುತ್ತದೆ ಎಂಬುದು ನನ್ನ ಅಂದಾಜು.

ಮೇಡಂ ಎದ್ದು ನಿಂತದ್ದು ಇದಕ್ಕೆ. ಕೊಬ್ಬು ಕೆಟ್ಟದ್ದರಿಂದ ಕೋಶ ಸಾಯುತ್ತದೆ ಎಂದು ನಾವು ಹೇಳಿದರೆ, ಇಲ್ಲ, ಸತ್ತ ಮೇಲೆ ಕೊಬ್ಬು ಕೆಡುತ್ತದೆ ಎನ್ನುವವರೂ ಇದ್ದಾರೆ. ನನ್ನ ಪ್ರಬಂಧ ಅಲ್ಲಿಗೇ ನಿಂತಿದೆ. ಮೊದಲು ಬಣ್ಣ ಬಂದು, ಆಮೇಲೆ ಸತ್ತ ಬೀಜ ನಮಗೆ ಬೇಕಿತ್ತು. ಪ್ರಯೋಗಾಲಯದ ಕಾವಿನ ಪೆಟ್ಟಿಗೆಯಲ್ಲಿ ಸಾಯಿಸಿದ ಬೀಜವನ್ನು ಯಾರೂ ಒಪ್ಪುತ್ತಿಲ್ಲ. ರೈತನ ಮನೆಯಲ್ಲಿ ಇಟ್ಟದ್ದೇ ಬೇಕು.

ಹಾಗೆಂದು ನಿಮ್ಮ ಬೀಜ ಸಾಯಲಿ ಎಂದು ಕಾಯುತ್ತಿದ್ದೇನೆ ಎಂದುಕೊಳ್ಳಬೇಡಿ. ಮೃಗಶಿರಾ ಮಳೆಗೆ ಅದು ಈಗಿನಂತೆಯೇ ಮೊಳೆತರೆ ನನ್ನ ನಾಲ್ಕು ವರ್ಷದ ಕೆಲಸ ತಪ್ಪು. ಆದರೂ ಮೊಳೆಯಲಿ.

ಸುಣ್ಣದ ಮಾತಿಗೆ ಈ ಪತ್ರದಲ್ಲಿ ಉತ್ತರ ಬರೆಯುವುದಿಲ್ಲ.

ಮುಂದೇನು: ಚೀಲಗಳನ್ನು ಅಲ್ಲಿಂದ ಸರಿಸಿ ತಂಪಿನಲ್ಲಿಡಿ, ಒಂದನ್ನು ಮಾತ್ರ ಅಲ್ಲೇ ಬಿಡಿ. ಪ್ರತಿ ಅಮವಾಸ್ಯೆಗೆ ಎರಡರಿಂದಲೂ ಐವತ್ತೈವತ್ತು ಕಾಳು ಗೋಣಿತಟ್ಟಿಗೆ ಹಾಕಿ ನೋಡಿ. ಒಂದು ಮುಷ್ಟಿ ನನಗೆ ಕಳಿಸಿ. ಅವ್ವನಿಗೆ ಹೇಳಬೇಡಿ, ಹೆದರುತ್ತಾಳೆ.

ನಮಸ್ಕಾರಗಳೊಂದಿಗೆ,
ಕಳಕಮ್ಮ


(ಅಂಚೆ ಕಾರ್ಡು)
ಬೇವೂರು
೧೭ ಏಪ್ರಿಲ್ ೧೯೮೩

ಯುಗಾದಿ ಅಮವಾಸ್ಯೆಗೆ ಹಾಕಿದ್ದೆ. ಮೊಳಕೆ ಕಡಿಮೆ. ಮೂವತ್ತರ ಮೇಲೆ ಸ್ವಲ್ಪ. ತಂಪಿನ ಚೀಲದವೂ ಹೆಚ್ಚುಕಡಿಮೆ ಅಷ್ಟೇ. ಈ ಸಲದ ಬಿಸಿಲು ಜಾಸ್ತಿ, ಗೋಣಿತಟ್ಟು ನಡುವೆ ಒಣಗಿತ್ತು ಎಂದು ಕಾಣುತ್ತದೆ. ಗ್ಯಾನಪ್ಪ ಬೀಜ ಕೇಳುತ್ತಿದ್ದಾನೆ. ಇನ್ನೂ ಕೊಟ್ಟಿಲ್ಲ. ಕಾಳು ಪಾರ್ಸೆಲ್ ಮಾಡಿದ್ದೇನೆ.

ಅಮರಪ್ಪ


ಹೈದರಾಬಾದ್
೨೮ ಏಪ್ರಿಲ್ ೧೯೮೩

ಮಾವನವರಿಗೆ ನಮಸ್ಕಾರಗಳು.

ಕಾರ್ಡು ಮತ್ತು ಪಾರ್ಸೆಲ್ ಮುಟ್ಟಿದವು. ಎರಡೂ ಚೀಲದವುಗಳಲ್ಲಿ ಬಣ್ಣ ಇನ್ನೂ ಏರಿದೆ, ಹತ್ತಿದ ಕಿಡಿ ತಂಪಿಗೂ ಆರಿಲ್ಲ. ಗೋಣಿತಟ್ಟು ಒಣಗಿದ್ದೇ ಕಾರಣವಿರಬಹುದು ಎಂದು ನಾನೂ ಅಂದುಕೊಳ್ಳಲು ನೋಡಿದೆ. ಅದಕ್ಕೇ ಬೇರೆ ಪರೀಕ್ಷೆ ಹೇಳುತ್ತೇನೆ. ಇದಕ್ಕೆ ಔಷಧ ಬೇಡ, ನನ್ನ ಮಾತನ್ನು ನಂಬುವುದೂ ಬೇಡ.

ಊರಲ್ಲಿ ಯಾರದಾದರೂ ಮನೆಯಲ್ಲಿ ಸುಲಿಯದ ಕಾಯಿ ಉಳಿದಿದೆಯೇ ನೋಡಿ. ಅದೇ ಸುಗ್ಗಿಯದು, ಸಾಧ್ಯವಾದರೆ ನಿಮ್ಮದೇ ಹೊಲದ್ದು. ಒಂದು ಮುಷ್ಟಿ ತಂದು ಒಣಗಿದ್ದಂತೆಯೇ ಸುಲಿಯಿರಿ. ಒಂದು ಬಟ್ಟಲಲ್ಲಿ ಅವು, ಇನ್ನೊಂದರಲ್ಲಿ ನಿಮ್ಮ ಚೀಲದವು. ಸಮ ಕಾಳು, ಸಮ ನೀರು. ಒಂದು ರಾತ್ರಿ ನೆನೆಯಲಿ. ಬೆಳಿಗ್ಗೆ ಕಾಳು ತೆಗೆದು ನೀರು ಹೇಗಿದೆ ನೋಡಿ. ಪೊರೆ ಕೆಟ್ಟಿದ್ದರೆ ಒಳಗಿನದು ನೀರಿಗೆ ಸೋರಿರುತ್ತದೆ. ನಾವಿಲ್ಲಿ ಅದನ್ನು ವಿದ್ಯುತ್ ಮೀಟರಿನಲ್ಲಿ ಅಳೆಯುತ್ತೇವೆ. ನಿಮಗೆ ಕಣ್ಣಿಗೇ ಕಾಣಬಹುದು, ನೀರು ಮಬ್ಬಾಗಿರುತ್ತದೆ.

ಮುಂದೇನು: ನೀರು ಎರಡೂ ಒಂದೇ ಥರ ಇದ್ದರೆ ಗ್ಯಾನಪ್ಪಣ್ಣನಿಗೆ ಬೀಜ ಕೊಟ್ಟುಬಿಡಿ. ನಾನು ಇನ್ನು ಈ ವಿಷಯ ಎತ್ತುವುದಿಲ್ಲ.

ಕಳಕಮ್ಮ


ಬೇವೂರು
೧೯ ಮೇ ೧೯೮೩

ಕಳಕಮ್ಮನಿಗೆ ಆಶೀರ್ವಾದಗಳು.

ನನ್ನ ತಟ್ಟೆಗೆ ಇರುವೆ ಮುತ್ತಿದವು. ಇದನ್ನು ಹೇಳಿದವಳು ಮುದುಕವ್ವ, ಫಕೀರಮ್ಮನ ಅತ್ತೆ. ಮೊದಲು ನೋಡಿದವಳು ಅವಳೇ.

ಸುಲಿಯದ ಕಾಯಿಗಾಗಿ ಊರೆಲ್ಲ ತಿರುಗಿದೆ. ನಮ್ಮಂಥ ಬಿತ್ತುವವರ ಮನೆಯಲ್ಲಿ ಒಂದು ಕಾಯಿಯೂ ಇಲ್ಲ. ನನ್ನದು ನೋಡಿ ಎಲ್ಲರೂ ಸಂಕ್ರಾಂತಿಗೇ ಸುಲಿಸಿಕೊಂಡಿದ್ದಾರೆ. ಉಳಿದಿದ್ದು ಸುಲಿದವರ ಮನೆಯಲ್ಲಿ. ಕೂಲಿಗೆ ಒಯ್ದ ಕಾಯಿಯನ್ನು ಗಡಿಗೆಯಲ್ಲಿ ತುಂಬಿ, ಬಾಯಿಗೆ ಅರಿವೆ ಕಟ್ಟಿ ಗಂಗಾವತಿಗೆ ಹೋಗಿದ್ದಾರೆ. ತಮ್ಮ ಕಾಯಿ ಸುಲಿಯಲು ಅವರಿಗೆ ಪುರುಸೊತ್ತು ಎಲ್ಲಿತ್ತು? ಮುದುಕವ್ವ ಒಬ್ಬಳೇ ಮನೆ ಕಾಯುತ್ತಿದ್ದಳು. ಒಂದು ಮುಷ್ಟಿ ಕೇಳಿದರೆ, ಕೊಟ್ಟ ಕಾಯಿ ಏನು ಮಾಡುತ್ತೇನೆಂದು ನೋಡಲು ಕೋಲೂರಿಕೊಂಡು ನನ್ನ ಹಿಂದೆಯೇ ಬಂದಳು.

ನೆನೆಸಿಟ್ಟೆ. ಬೆಳಿಗ್ಗೆ ಎರಡೂ ನೀರನ್ನು ಎರಡು ತಟ್ಟೆಗೆ ಸುರಿದು, ಬೆಳಕಿಗೆ ನೋಡಲೆಂದು ಪಡಸಾಲೆಯಲ್ಲಿಟ್ಟೆ. ನನ್ನದು ಸ್ವಲ್ಪ ಮಬ್ಬು ಎಂದರೆ ಮಬ್ಬು, ಇಲ್ಲವೆಂದರೆ ಇಲ್ಲ. ಬೇಕೆಂದೇ ಇಲ್ಲವೆಂದುಕೊಂಡು ಎಮ್ಮೆ ಹಿಂಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಮುದುಕವ್ವ ಮತ್ತೆ ಬಂದು ಬಾಗಿಲಲ್ಲಿ ಕೂತಿದ್ದಳು, ಕೇಳಿದಳು. "ಯಪ್ಪಾ, ಈ ತಟ್ಟ್ಯಾಗ ಬೆಲ್ಲ ಕದಡಿಯೇನು?"

ನನ್ನ ತಟ್ಟೆಯ ಅಂಚಿನ ಸುತ್ತ ಕೆಂಪಿರುವೆಯ ಉಂಗುರ. ಅವಳ ಕಾಯಿಯ ನೀರಿನ ಹತ್ತಿರ ಒಂದೂ ಇಲ್ಲ. ಇರುವೆಯ ದಾರಿಯೇ ಆ ಕಡೆ ಇರಬೇಕೆಂದು ಎರಡು ತಟ್ಟೆಗಳನ್ನೂ ಅದಲುಬದಲು ಮಾಡಿಟ್ಟೆ. ಸ್ವಲ್ಪ ಹೊತ್ತು ಗಲಿಬಿಲಿಯಾಗಿ ಓಡಾಡಿದವು. ಆಮೇಲೆ ಅವಳ ತಟ್ಟೆಯನ್ನು ದಾಟಿಕೊಂಡು ನನ್ನದಕ್ಕೇ ಹೋದವು. ನೀನು ಬರೆದಿದ್ದೆಯಲ್ಲ, ಒಳಗಿನ ಸಕ್ಕರೆ ಸೋರುತ್ತದೆ ಎಂದು. ಆ ಸಾಲನ್ನು ನಾನು ಓದಿ ಬಿಟ್ಟಿದ್ದೆ. ಇರುವೆ ಬಿಡಲಿಲ್ಲ.

ಮೊಳಕೆಯನ್ನೂ ನೋಡಿದೆ. ಮುದುಕವ್ವನ ಕಾಯಿಯ ಬೀಜ ಹೆಚ್ಚುಕಡಿಮೆ ಎಲ್ಲ ಮೊಳೆತವು. ನನ್ನವು ಅರ್ಧಕ್ಕೂ ಬರಲಿಲ್ಲ, ಬಂದವೂ ಸಣಕಲು.

ಮರುದಿನ ಗಂಗಾವತಿ ಬಸ್ಸು ಹತ್ತಿದೆ. ಅಲ್ಲಿ ವಿಚಾರಿಸಿದರೆ ಗುಂಪು ಆನೆಗೊಂದಿಯಲ್ಲಿದೆ ಎಂದರು. ಬಂಡೆಗುಡ್ಡದ ಬುಡದಲ್ಲಿ ಭತ್ತ ಕೊಯ್ಯುತ್ತಿದ್ದರು. ಬದುವಿನ ಮೇಲೆ ನಾನು ನಿಂತದ್ದನ್ನು ನೋಡಿ ಫಕೀರಮ್ಮ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದಳು.

"ಏನ್ರಿ ಧಣ್ಯಾರ, ಇಲ್ಲಿ ಆಳು ಸಾಲವಲ್ದಂತ ನಿಮ್ಮನ್ನೂ ಕರಸ್ಯಾರೇನು?"

ಹೆಂಗಸರೆಲ್ಲ ನಕ್ಕರು. ನಿಮ್ಮ ಕೂಲಿ ಕಾಯಿ ನನಗೆ ಬೇಕು, ಬಿತ್ತಲಿಕ್ಕೆ, ಎಂದೆ.

"ಕೂಲಿ ಕೊಟ್ಟು ಹೊಳ್ಳಿ ಕೇಳಾಕ ಬಂದೋರನ್ನ ಇವತ್ತ ನೋಡಿದ್ವಿ ನೋಡ್ರಿ. ನಿಮ್ಮ ಬೀಜಕ್ಕ ಏನಾಗೇತಿ?"

"ಜೀವ ಹೋಗಾಕ ಹತ್ತೈತಿ."

"ಯಾರು ಅಂದ್ರು?"

"ನಮ್ಮ ಅಕ್ಕನ ಮಗಳು. ಹೈದರಾಬಾದಿನಾಗ ಅದಾಳ."

ಅವಳು ನಗು ನಿಲ್ಲಿಸಿದಳು. "ಸುಣ್ಣ ಹಚ್ಚಿಸಿದ್ರಲ್ಲ, ಆಕೀನಾ? ಆಕಿ ಮಾತು ನಂಬ್ತೀರಿ?"

"ಇರುವಿ ನಂಬ್ಯಾವ," ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮತ್ತೆ ಎಲ್ಲರೂ ನಕ್ಕರು, ನಾನೂ ನಕ್ಕೆ. ನೆರಳಿಗೆ ಕೂತು ಇರುವೆಯ ಕಥೆ ಪೂರಾ ಹೇಳಿದೆ. ಕೇಳಿ ಫಕೀರಮ್ಮ ಒಪ್ಪಿದಳು. ಅವಳ ಕರಾರು ಎರಡು. ಒಯ್ದ ಕಾಯಿಗೆ ಸುಗ್ಗಿಯಲ್ಲಿ ಒಂದಕ್ಕೆ ಎರಡು ಅಳೆಯಬೇಕು. ಮುಂದಿನ ವರ್ಷದಿಂದ ಬಿತ್ತನೆ ಕಾಯಿ ಸುಲಿಯುವುದು ಅವರು ಕೊಯ್ಲು ಮುಗಿಸಿ ಬಂದ ಮೇಲೆ, ನೀರು ಹಾಕದೆ. ಒಣ ಕಾಯಿ ಸುಲಿದರೆ ಉಗುರು ಹೋಗುತ್ತವೆ, ಅದಕ್ಕೆ ಕೂಲಿ ಬೇರೆ. "ಮೊದಲ ನಿಮ್ಮ ಹೊಲಕ್ಕ, ಆಮ್ಯಾಲೆ ಊರಿಗಿ. ಮಳಿ ತಪ್ಪಿಸಂಗಿಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ.

ಗ್ಯಾನಪ್ಪ ಮೂರು ದಿನ ನಂಬಲಿಲ್ಲ. ಆಮೇಲೆ ತಾನೇ ಒಂದು ತಟ್ಟೆ ತಂದು ನಮ್ಮ ಪಡಸಾಲೆಯಲ್ಲಿಟ್ಟು ನೋಡಿದ. ಅವನ ಮನೆಯ ಇರುವೆ ಮೇಲೆ ಅವನಿಗೆ ನಂಬಿಕೆ ಇಲ್ಲವಂತೆ.

ಮುಂದೇನು: ನನ್ನ ಚೀಲಗಳನ್ನು ಏನು ಮಾಡಬೇಕು, ಬರಿ.

ಅಮರಪ್ಪ ಮಾವ


ಹೈದರಾಬಾದ್
೧ ಜೂನ್ ೧೯೮೩

ಮಾವನಿಗೆ ನಮಸ್ಕಾರಗಳು.

ನಿಮ್ಮ ತಟ್ಟೆಯ ಫಲಿತಾಂಶ ನಮ್ಮ ಮೀಟರಿನ ಫಲಿತಾಂಶಕ್ಕೆ ಹೊಂದಿದೆ. ಇದನ್ನು ಹೇಳಿದವರು ಗೈಡ್ ಮೇಡಂ. ಪ್ರಬಂಧದಲ್ಲಿ ಇರುವೆ ಎಂದು ಬರೆಯಲು ಬರುವುದಿಲ್ಲ, ಅವರು ಒಪ್ಪುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಹೇಳಿದ್ದಾರೆ. ನಿನ್ನೆ ಒಬ್ಬರು ಕಿಟಕಿಯಲ್ಲಿ ಎರಡು ತಟ್ಟೆ ಇಟ್ಟಿದ್ದರು. ಇಲ್ಲಿಯ ಇರುವೆ ಎರಡೂ ಬಿಟ್ಟು ಅವರ ಬಿಸ್ಕತ್ತಿಗೆ ಹೋದವು.

ಬಣ್ಣ ಮೊದಲು, ಸೋರುವುದು ಆಮೇಲೆ, ಸಾವು ಕಡೆಗೆ. ನಿಮ್ಮ ಬೀಜ ಈ ಕ್ರಮದಲ್ಲಿ ಹೋಗಿದೆ ಎಂಬುದಕ್ಕೆ ಈಗ ಫೆಬ್ರುವರಿಯಿಂದ ಮೇವರೆಗಿನ ಸಾಕ್ಷಿ ಇದೆ. ಸತ್ತ ಮೇಲಷ್ಟೇ ಕೊಬ್ಬು ಕೆಡುತ್ತದೆ ಎಂದು ಇನ್ನು ಯಾರೂ ಹೇಳಲಾರರು. ಆದರೆ ಮೊದಲು ಬಂದದ್ದೇ ಕಾರಣವೆಂದು ಹೇಗೆ ಹೇಳುತ್ತೀ ಎಂದು ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆ. ಗಾಳಿಯನ್ನೇ ತಪ್ಪಿಸಿದರೆ ಬೀಜ ಉಳಿಯುತ್ತದೆಯೇ ಎಂದು ನೋಡಬೇಕು. ಹೊಸ ಸುಗ್ಗಿಯ ಕಾಳನ್ನು ಎರಡು ಡಬ್ಬಿಗೆ ತುಂಬಿ, ಒಂದರ ಗಾಳಿ ತೆಗೆದು ಸಾರಜನಕ ಎಂಬ ಬೇರೆ ಅನಿಲ ತುಂಬಿ ಬೆಸುಗೆ ಹಾಕುವುದು, ಇನ್ನೊಂದನ್ನು ಗಾಳಿಯೊಂದಿಗೇ ಮುಚ್ಚುವುದು. ಎರಡೂ ಒಂದೇ ಕಡೆ ಇರಬೇಕು, ಆ ತಗಡಿನ ಕೋಣೆಯಲ್ಲಿ.

ನಿಮ್ಮ ಚೀಲಗಳನ್ನು ಕೊಪ್ಪಳದ ಎಣ್ಣೆ ಗಾಣಕ್ಕೆ ಹಾಕಿಬಿಡಿ. ವಾಸನೆ ಬಂದಿಲ್ಲವಾದರೆ ತಿನ್ನಲು ತೊಂದರೆಯಿಲ್ಲ. ಮೊಳೆಯುವ ಶಕ್ತಿ ಹೋಗಿದೆ ಅಷ್ಟೇ. ಒಂದು ಸೇರು ಮಾತ್ರ ಉಳಿಸಿ, ಬಿತ್ತುವಾಗ ಹೊಲದ ಅಂಚಿಗೆ ಒಂದು ಸಾಲು ಹಾಕಿ. ನನ್ನ ಲೆಕ್ಕ ತಪ್ಪಿದ್ದರೆ ಅಲ್ಲಿ ಗೊತ್ತಾಗಲಿ.

ಕೋಣೆಯ ಗೋಡೆ ಹಾಗೇ ಇದೆ ಎಂದು ಅವ್ವ ಹೇಳಿದಳು. ಆ ದಿನ ನನ್ನನ್ನು ಕೇಳಿದವರು ಅವ್ವ, ದೊಡ್ಡವರು, ಸಕ್ಕರೆ ತಂದವರು. ನೀವು ಕೇಳಿರಲಿಲ್ಲ. ಕೇಳಿದ್ದರೆ ನಿಮಗೆ ನಿಜ ಹೇಳುತ್ತಿದ್ದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಮುಂದೇನು: ಮಳೆ.

ಕಳಕಮ್ಮ


ಬೇವೂರು
೧೨ ಜುಲೈ ೧೯೮೩

ಕಳಕಮ್ಮನಿಗೆ ಮಾವನ ಆಶೀರ್ವಾದಗಳು.

ಶೇಂಗಾ ಎದ್ದಿದೆ. ಇದನ್ನು ಹೇಳಿದವನು ಗ್ಯಾನಪ್ಪ. ತನ್ನ ಹೊಲ ನೋಡುವ ಮೊದಲು ನನ್ನ ಹೊಲ ನೋಡಿಬಂದು, ಬಾಗಿಲಲ್ಲೇ ನಿಂತು ವರದಿ ಕೊಟ್ಟ.

"ಸಾಲು ತುಂಬೇತಿ. ಎಲ್ಲೂ ಸಂದಿಲ್ಲ. ಅಂಚಿನ ಸಾಲು ಮಾತ್ರ ಹಲ್ಲು ಬಿದ್ದ ಬಾಯಿ ಆಗೇತಿ."

ನಾನು ಹೋಗಿ ನೋಡಿದೆ. ಆರಿದ್ರಾ ಮಳೆ ನಮ್ಮ ಕೆಂಪು ಮಸಾರಿ ನೆಲಕ್ಕೆ ಹದವಾಗಿ ಬಿದ್ದಿತ್ತು, ಮಣ್ಣಿನ ಮೇಲೆ ದೂರು ಹಾಕುವಂತಿಲ್ಲ. ಫಕೀರಮ್ಮನ ಗುಂಪು ಬಂದು ಎರಡು ದಿನ ಕೂತು ತಮ್ಮದೇ ಕಾಯಿಯನ್ನು ಒಣಗಿದ್ದಂತೆ ಸುಲಿದುಕೊಟ್ಟ ಬೀಜ ಅದು. ಎಲೆ ಜೋಡಿಸಿಕೊಂಡು ನಿಂತಿದೆ. ಅಂಚಿನ ಸಾಲಿನಲ್ಲಿ ನನ್ನ ಬೀಜ. ಇಲ್ಲೊಂದು, ಅಲ್ಲೊಂದು. ನಡುವೆ ಕೆಂಪು ಮಣ್ಣು. ಕೆದರಿ ನೋಡಿದರೆ ಕಾಳು ಮೆತ್ತಗಾಗಿ ಕೊಳೆತಿದೆ. ಇಡೀ ಹೊಲ ಹಾಗಾಗಿದ್ದರೆ ಎಂದು ಅಲ್ಲೇ ಸ್ವಲ್ಪ ಹೊತ್ತು ಕೂತೆ. ಗ್ಯಾನಪ್ಪನದು ಸೇರಿ ಐದು ಮನೆಯ ಹೊಲ.

ನಿನ್ನ ಲೆಕ್ಕ ತಪ್ಪಿಲ್ಲ. ಅಂಚಿನ ಸಾಲಿನಲ್ಲಿ ಎದ್ದವನ್ನೂ ಏಳದವನ್ನೂ ಎಣಿಸಿ ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಮೇಡಂಗೆ ತೋರಿಸು.

ನಿನ್ನ ಪತ್ರದ ಕಡೆಯ ಮಾತನ್ನು ಬಹಳ ಸಲ ಓದಿದೆ. ನಾನು ಕೇಳಿರಲಿಲ್ಲ, ಹೌದು. ನಮ್ಮಲ್ಲಿ ಅಕ್ಕನ ಮಗಳ ಮನಸ್ಸು ಕೇಳುವ ಪದ್ಧತಿ ಇಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಇರುತ್ತದೆ. ನಿನ್ನ ಅವ್ವ ನನಗೆ ಯಲಬುರ್ಗಾದ ಒಂದು ಸಂಬಂಧ ತಂದಿದ್ದಾಳೆ. ಹುಡುಗಿ ಸಾಲಿಯಲ್ಲಿ ಕಲಿಸುತ್ತಾಳಂತೆ. ಮೊದಲು ನಾನೇ ಹೋಗಿ ಕೇಳಿಬರುತ್ತೇನೆ, ಆಮೇಲೆ ಸಕ್ಕರೆ ಎಂದು ಹೇಳಿದೆ. ಅಕ್ಕ ಸಿಟ್ಟಾಗಿ ಕುಷ್ಟಗಿಗೆ ಹೋದಳು. ನಾಲ್ಕು ದಿನಕ್ಕೆ ತಾನೇ ಬಂದಳು.

ಕೋಣೆ ಖಾಲಿ ಮಾಡಿಸಿದ್ದೇನೆ. ಗೋಡೆಗೆ ಹೊಸ ಸುಣ್ಣ ಹಚ್ಚಿದರು, ನಿನ್ನೆ ಒಣಗಿತು. ತಗಡು ಹಾಗೇ ಇದೆ. ಡಬ್ಬಿ ಇಡಲು ಮೂಲೆಯಲ್ಲಿ ಒಂದು ಕಟ್ಟೆ ಕಟ್ಟಿಸಿದ್ದೇನೆ. ಕಟ್ಟೆಯ ಬುಡದ ಸುತ್ತ ನೀರಿನ ಕುಣಿ ಮಾಡಿಸಿದ್ದೇನೆ, ಇರುವೆ ಹತ್ತದ ಹಾಗೆ.

ಕಾಯಿ ಕಿತ್ತು ಒಣಗುವುದು ನವೆಂಬರ್ ಮೊದಲ ವಾರಕ್ಕೆ. ಡಬ್ಬಿ ಮುಚ್ಚುವುದು ನವೆಂಬರ್ ಹದಿನೈದು, ಮಂಗಳವಾರ, ಬೇವೂರಿನಲ್ಲಿ. ಅನಿಲದ ಸಿಲಿಂಡರು ನೀನು ತರಬೇಕು. ಬಸ್ಸಿಗೆ ನಾನು ಬಂಡಿ ತೆಗೆದುಕೊಂಡು ಬರುತ್ತೇನೆ.

ನಿನ್ನ ಮಾವ,
ಅಮರಪ್ಪ